ಮಿರಜದ ಟ್ರಿಪ್

ನಮ್ಮ ಮನೆಯೊಳಗೆ ಬಂದು ಕೂತ ಮೊದಲ ಇಂಗ್ಲಿಷ್ ಪದ ಟ್ರಿಪ್. ಅದು ಇಂಗ್ಲಿಷ್ ಎಂದು ನನಗೆ ಗೊತ್ತಾಗಿದ್ದು ಹೈಸ್ಕೂಲಿಗೆ ಹೋದ ಮೇಲೆ. ಅಲ್ಲಿಯವರೆಗೆ ರೊಟ್ಟಿ, ಕೌದಿ, ಚಹಾ ಇದ್ದ ಹಾಗೆ ಅದೂ ನಮ್ಮದೇ ಎಂದುಕೊಂಡಿದ್ದೆ.

ಅಪ್ಪನದು ವಡಾಪದ ಜೀಪು. ನಮ್ಮ ಕಡೆ ವಡಾಪ ಎಂದರೆ ಹೊತ್ತಿಗೆ ಬಿಡುವ ಗಾಡಿಯಲ್ಲ, ತುಂಬಿದ ಮೇಲೆ ಬಿಡುವ ಗಾಡಿ. ಮನೆ ಉಗಾರ ಬುದ್ರುಕದಲ್ಲಿ. ಅಲ್ಲಿಂದ ಉಗಾರ ಖುರ್ದ, ಶೇಡಬಾಳ, ಕಾಗವಾಡ, ಗಡಿ ದಾಟಿದರೆ ಮ್ಹೈಸಾಳ, ಆಮೇಲೆ ಮಿರಜ. ಮತ್ತೆ ಅದೇ ದಾರಿ ಹಿಡಿದು ವಾಪಸು. ಅಪ್ಪ ಟ್ರಿಪ್ಪಿಗೆ ಹೋಗುತ್ತಿರಲಿಲ್ಲ, ಟ್ರಿಪ್ ಮಾಡುತ್ತಲೂ ಇರಲಿಲ್ಲ, ಟ್ರಿಪ್ ಹೊಡೆಯುತ್ತಿದ್ದ. ಹೊಲದಲ್ಲಿ ಗಳೆ ಹೊಡೆಯುವ ಹಾಗೆ. "ಇನ್ನೊಂದ ಟ್ರಿಪ್ ಹೊಡಕೊಂಡ ಬರ್ತೀನಿ, ರೊಟ್ಟಿ ಮುಚ್ಚಿಡ್ರಿ" ಎಂದರೆ ಇನ್ನು ಸಂಜೆಯವರೆಗೆ ಆ ಮನುಷ್ಯ ಸಿಗುವುದಿಲ್ಲ ಎಂದು ಅರ್ಥ.

ಅವನಿಂದ ಅದು ಅವ್ವನ ಬಾಯಿಗೆ ಹತ್ತಿತು. ಬಾವಿಯಿಂದ ನೀರು ತರುವಾಗ ಕೊಡ ಇಳಿಸಿ ಸೊಂಟ ಹಿಡಿದುಕೊಂಡು, "ಇನ್ನೆರಡು ಟ್ರಿಪ್ ತಂದ್ರ ಮುಗೀತ ನೋಡ" ಅನ್ನುವಳು. ಸೆಗಣಿ ಬುಟ್ಟಿ ತಿಪ್ಪೆಗೆ ಹೊತ್ತು ಹಾಕುವುದೂ ಟ್ರಿಪ್ಪೇ. ಕಬ್ಬಿನ ಸುಗ್ಗಿಯಲ್ಲಿ ಕಾರ್ಖಾನೆಗೆ ಹೋಗುವ ಗಾಡಿಗಳದ್ದೂ ಟ್ರಿಪ್ಪೇ. ಮದುವೆಯ ದಿಬ್ಬಣಕ್ಕೆ ಜೀಪು ಹೇಳಿದರೆ ಸ್ಪೆಷಲ್ ಟ್ರಿಪ್, ಆಸ್ಪತ್ರೆಗಾದರೆ ಪೇಷಂಟ್ ಟ್ರಿಪ್, ಯಾರೂ ಸಿಗದೆ ಬಂದರೆ ಖಾಲಿ ಟ್ರಿಪ್. ಖಾಲಿ ಟ್ರಿಪ್ ಹೊಡೆದ ದಿನ ಅಪ್ಪನ ಮುಖ ನೋಡುವ ಹಾಗಿರುತ್ತಿರಲಿಲ್ಲ.

ಈ ಪದವನ್ನು ಬಾಯಿಗೆ ಸೇರಿಸದೆ ಉಳಿದವಳು ಆಯಿ ಒಬ್ಬಳೇ. ಆಯಿ ಅಂದರೆ ಅಪ್ಪನ ಅವ್ವ. "ಟ್ರಿಪ್ ಅಂತ ಟ್ರಿಪ್! ಖೇಪ ಅನ್ನಾಕ ನಿಮ್ಮ ನಾಲಿಗಿಗೇನ ಮುಳ್ಳ ಚುಚ್ಚತೈತೇನ?" ಎಂದು ಗದರುವಳು. ಅವಳ ಪಾಲಿಗೆ ಚಕ್ಕಡಿಯ ಕಾಲದಿಂದಲೂ ಒಂದು ಹೇರು ಒಯ್ದು ಇಳಿಸಿ ಬಂದರೆ ಅದು ಖೇಪ, ಜೀಪು ಬಂದ ಮಾತ್ರಕ್ಕೆ ಅದರ ಹೆಸರು ಯಾಕೆ ಬದಲಾಗಬೇಕು? ಮುದುಕಿ ಹಟ ಹಿಡಿದರೆ ಕಲ್ಲು. ಮಗನ ಜೀಪಿಗೆ ಕೂಡ ಅವಳು ಒಮ್ಮೆಯೂ ಹತ್ತಿರಲಿಲ್ಲ. "ಹೆಣ ಹೊತ್ತ ಗಾಡಿ ಅದು, ನಾ ಹತ್ತಾಕಿ ಅಲ್ಲ" ಅನ್ನುವಳು.

ಅದು ಸುಳ್ಳಲ್ಲ. ಮಿರಜ ದವಾಖಾನೆಗಳ ಊರು. ಬೆಳಿಗ್ಗೆ ಬೇನೆಯವರನ್ನು ಕರೆದುಕೊಂಡು ಹೋದ ಜೀಪಿನಲ್ಲೇ ಒಮ್ಮೊಮ್ಮೆ ಹೆಣ ಬರುತ್ತಿತ್ತು. ಅಂಥ ದಿನ ಅಪ್ಪ ಟ್ರಿಪ್ ಎಂಬ ಮಾತೇ ಎತ್ತುತ್ತಿರಲಿಲ್ಲ. ಅವನೊಬ್ಬನೇ ಅಲ್ಲ, ಆ ದಾರಿಯ ಯಾವ ವಡಾಪದವನೂ ಎತ್ತುತ್ತಿರಲಿಲ್ಲ. ಹೋದವರು ತಿರುಗಿ ಬಂದರೆ ಅದು ಟ್ರಿಪ್, ಹೆಣಕ್ಕೆ ಆ ಮಾತು ಅಂದರೆ ಗಾಡಿಗೆ ಅಂಥದ್ದೇ ಇನ್ನೊಂದು ಬರುತ್ತದೆ ಎಂದು ಅವರ ನಂಬಿಕೆ. "ಮುಟ್ಟಿಸಿ ಬಂದೆ" ಅನ್ನುವರು, ಅಷ್ಟೇ. ಆಮೇಲೆ ಗಾಡಿಯನ್ನು ಅರಿಷಿಣ ನೀರಲ್ಲಿ ತೊಳೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಒಡೆಸಿ, ಮರುದಿನವೇ ಸವಾರಿ, ಅಂದರೆ ಹತ್ತುವ ಜನರನ್ನು, ಕೂಡಿಸುವುದು. ತೊಳೆದ ಗಾಡಿಗೆ ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ತೊಳೆಯದೆ ತಂದರೆ ಮಾತ್ರ ಜನ ಹತ್ತುವುದಿಲ್ಲ.

ಹೈಸ್ಕೂಲಿನಲ್ಲಿ ಇಂಗ್ಲಿಷಿನ ಸರ್ ಟ್ರಿಪ್ ಅಂದರೆ ಪ್ರವಾಸ, ಮನಸ್ಸಿನ ಸಂತೋಷಕ್ಕಾಗಿ ಹೋಗುವುದು ಎಂದು ಹೇಳಿಕೊಟ್ಟರು. ನಾನು ಸುಮ್ಮನೆ ಕೂಡ್ರುವವಳೇ? ಎದ್ದು ನಿಂತು, "ಅಲ್ರೀ ಸರ, ನಮ್ಮಪ್ಪ ದಿನಾ ಹೊಡೀತಾನ್ರಿ, ಒಂದ ದಿನಾನೂ ಸಂತೋಷ ಆಗಿ ಬಂದಿಲ್ರಿ" ಎಂದೆ. ಇಡೀ ವರ್ಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸರ್ ಕೂಡ ನಗು ತಡೆಯಲಾರದೆ, "ಕೂಡ್ರವಾ ತಾಯಿ, ಟ್ರಿಪ್ ಹೊಡಿಯೋ ಮನೆತನದಾಕಿ" ಎಂದರು. ಆ ವರ್ಷವೇ ಸಾಲೆಯಿಂದ ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದರು. ಬರುವಾಗ ಅವ್ವನಿಗೆ ಕರದಂಟು ತಂದುಕೊಟ್ಟೆ. ಅವಳು ಅದನ್ನು ಮೂಸಿ ನೋಡಿ, "ಅಂತೂ ಟ್ರಿಪ್ ಅಂದ್ರ ಹಿಂಗ ಸಿಹಿನೂ ಇರತೈತಿ ಅನ್ನು" ಎಂದಳು. ಅವಳು ಯಾವ ಊರನ್ನೂ ನೋಡಿದವಳಲ್ಲ. ತವರು ದಿಗ್ಗೇವಾಡಿ, ಕೊಟ್ಟ ಮನೆ ಉಗಾರ, ನಡುವೆ ಕೃಷ್ಣೆ.

ಆಮೇಲೆ ಅವಳಿಗೂ ಟ್ರಿಪ್ಪುಗಳು ಬಂದವು. ಹೊಟ್ಟೆಯಲ್ಲಿ ಗಡ್ಡೆ ಎಂದರು. ಮಿರಜಕ್ಕೆ ಹೋಗಿ ಬರುವುದು, ಮತ್ತೆ ಹೋಗಿ ಬರುವುದು. ಮೊದಮೊದಲು ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂತು ಹೋಗುತ್ತಿದ್ದಳು, ನಾಚಿಕೊಂಡು, ಸೆರಗು ಬಿಗಿಯಾಗಿ ಹೊದ್ದು. "ನಿಮ್ಮಪ್ಪನ ಗಾಡ್ಯಾಗ ಕುಂದರಾಕ ನನಗ ಬ್ಯಾನಿನೇ ಬರಬೇಕಾತ ನೋಡು" ಎಂದು ನಗುವಳು. ನನಗೆ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಕೊನೆಗೆ ದವಾಖಾನೆಯಲ್ಲೇ ಇಟ್ಟುಕೊಂಡರು. ನಾನು ಸಾಲೆ ಬಿಟ್ಟು ಅಲ್ಲೇ ಉಳಿದೆ. ಅವ್ವನ ಅಕ್ಕ, ನನ್ನ ದೊಡ್ಡವ್ವ, ದಿಗ್ಗೇವಾಡಿಯಿಂದ ಬಂದು ಜೊತೆಗೆ ಕೂತಳು.

ಅಲ್ಲಿ ಒಂದು ದಿನ ಅವ್ವ ನಮ್ಮಿಬ್ಬರನ್ನೂ ಹತ್ತಿರ ಕರೆದು ಹೇಳಿದಳು: "ನನ್ನ ಬೇವಿನ ಗಿಡದ ಬುಡಕ ಹಾಕಬ್ಯಾಡ್ರಿ. ಒಳಗ ಒಯ್ರಿ. ಒಲೀ ಮುಂದ ಹಾಕಿದ್ರೂ ಸೈ."

ದೊಡ್ಡವ್ವನಿಗೂ ನನಗೂ ಅದು ಏನೆಂದು ತಕ್ಷಣ ಗೊತ್ತಾಯಿತು. ನಮ್ಮ ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ಊರ ಹೊರಗೆ ಜೀವ ಬಿಟ್ಟವರನ್ನು ಹೊಸ್ತಿಲ ಒಳಗೆ ತರುವಂತಿಲ್ಲ. ಅಂಗಳದಲ್ಲೇ ಮಲಗಿಸಿ ಅಲ್ಲಿಂದಲೇ ಎತ್ತಬೇಕು. ನನ್ನ ಅಜ್ಜ ರಾಯಬಾಗದ ಸಂತೆಗೆ ಎತ್ತು ನೋಡಲು ಹೋದವನು ಅಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಚಕ್ಕಡಿಯಲ್ಲಿ ತಂದಾಗ ಬಾಗಿಲಿಗೆ ಅಡ್ಡ ನಿಂತವಳು ಆಯಿಯೇ. ಕಟ್ಟಿಕೊಂಡ ಗಂಡನನ್ನು ಬೇವಿನ ಗಿಡದ ಕೆಳಗೆ ಹಾಕಿಸಿದಳು. ಅಷ್ಟರಲ್ಲಿ ಮಳೆ ಬಂತು. ಆಗತಾನೇ ಮದುವೆಯಾಗಿ ಬಂದಿದ್ದ ಅವ್ವ ಗೋಣಿಚೀಲ ಹಿಡಿದು ಮಾವನ ಮುಖ ತೋಯದ ಹಾಗೆ ನಿಂತಿದ್ದಳಂತೆ, ಉಳಿದ ಮೈ ತೋಯುತ್ತಲೇ ಇತ್ತಂತೆ. ಈ ಕಥೆಯನ್ನು ಅವ್ವ ಹೇಳಿದ್ದಳು, ಆಯಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅವತ್ತಿನಿಂದ ನನಗೆ ಆಯಿಯನ್ನು ಕಂಡರೆ ಆಗುತ್ತಿರಲಿಲ್ಲ. ಎಂಥ ಗಟ್ಟಿ ಜೀವ ಇದು ಎಂದು ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಡಾಕ್ಟರು ಬಂದು ನೋಡಿ, ಅಪ್ಪನ ಹೆಗಲ ಮೇಲೆ ಕೈಯಿಟ್ಟು ಮರಾಠಿಯಲ್ಲಿ, "ಆತಾ ಘರೀ ಘೇವೂನ್ ಜಾ" ಎಂದರು. ಮನೆಗೆ ಒಯ್ಯಿರಿ ಎಂದು. ಅಪ್ಪ ತಲೆಯಾಡಿಸಿ ನೇರ ಜೀಪಿನ ಹತ್ತಿರ ಹೋಗಿ ಟಾಯರು ಒದ್ದು ನೋಡಿದ. ಪ್ರತಿ ಸಲ ಹೊರಡುವ ಮುಂಚೆ ಹಾಗೆ ಒದ್ದು ನೋಡುವುದು ಅವನ ರೂಢಿ.

ಜೀಪಿನ ಹಿಂಭಾಗದಲ್ಲಿ ಎದುರುಬದುರು ಎರಡು ಉದ್ದನೆಯ ಸೀಟು. ಎಡಗಡೆಯದರ ಮೇಲೆ ಕೌದಿ ಹಾಸಿ ಅವ್ವನನ್ನು ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ದೊಡ್ಡವ್ವ ಎದುರು ಕೂತು ಅವಳ ಕಾಲು ಹಿಡಿದುಕೊಂಡಳು. "ಊರ ಹೆಸರ ಹೇಳಕೋತ ಹೋಗೂಣು. ಹಾದಿ ಗೊತ್ತಿದ್ರ ಜೀವ ಗಟ್ಟಿ ಹಿಡೀತೈತಿ" ಎಂದಳು ನನಗೆ.

ಹಾಗೇ ಹೇಳುತ್ತ ಬಂದೆವು. "ಅವ್ವಾ, ಮ್ಹೈಸಾಳ ಬಂತ ನೋಡು." ಅವ್ವ ರೆಪ್ಪೆ ಅಲ್ಲಾಡಿಸಿದಳು. ಕಾಗವಾಡದ ಚೆಕ್‌ಪೋಸ್ಟಿನಲ್ಲಿ ಬೊಂಬು ಎತ್ತುವವನು ಹಿಂದೆ ಬಗ್ಗಿ ನೋಡಿದ. ಅಪ್ಪ, "ಪೇಷಂಟ್ ಐತ್ರಿ, ಮನ್ಯಾಗಿನಾಕಿ" ಎಂದ. ಅವನು ಬಿದ್ದಂಬೀಳ ಓಡಿ ಹೋಗಿ ಬೊಂಬು ಎತ್ತಿದ. "ಕಾಗವಾಡ ದಾಟಿದ್ವಿ ಅವ್ವಾ, ನಮ್ಮ ಸೀಮಿಗೆ ಬಂದ್ವಿ" ಎಂದೆ. ಆಗ ಅವಳ ಬೆರಳು ನನ್ನ ಬೆರಳನ್ನು ಹಿಡಿದೇ ಇತ್ತು. ಅದಂತೂ ನನಗೆ ಖಾತ್ರಿ ಇದೆ.

ಸುಗ್ಗಿಯ ದಿನ. ಕಬ್ಬಿನ ಗಾಡಿಗಳು ರಸ್ತೆಯ ತುಂಬ ಸಾಲು ಹಚ್ಚಿದ್ದವು. ಅಪ್ಪ ಹಾರನ್ ಮೇಲಿನ ಕೈ ತೆಗೆಯಲಿಲ್ಲ. ಗಾಡಿಯವರು ಬಯ್ಯಲು ತಿರುಗಿ, ಅಪ್ಪನ ಮುಖ ನೋಡಿ, ಎತ್ತುಗಳನ್ನು ಮಗ್ಗುಲಿಗೆ ಹೊಡೆದುಕೊಂಡರು. ಶೇಡಬಾಳಕ್ಕೆ ಬಂದರೆ ರೈಲಿನ ಗೇಟು ಹಾಕಿತ್ತು.

ಗೇಟು ಹಾಕಿದಾಗ ಎಂಜಿನ್ ಬಂದ್ ಮಾಡುವುದು ಅಪ್ಪನ ಕೈಗೆ ಕೂತ ಕೆಲಸ. ಎಣ್ಣೆ ದಂಡ ಆಗಬಾರದು. ಅವತ್ತೂ ಕೈ ತಾನಾಗಿ ಹೋಗಿ ಕೀಲಿ ತಿರುವಿತು. ಜೀಪು ನಡುಗುವುದು ನಿಂತಿತು. ಇಷ್ಟು ಹೊತ್ತು ಗಾಡಿಯ ಗದ್ದಲದಲ್ಲಿ, ಅವ್ವನ ಮೈ ಅಲ್ಲಾಡುತ್ತಿದ್ದುದು ಗಾಡಿಯಿಂದಲೋ ಅವಳಿಂದಲೋ ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಾಯಿತು. ಉಸಿರಿನ ಸಪ್ಪಳವೇ ಇರಲಿಲ್ಲ. ನನ್ನ ಬೆರಳಿನ ಸುತ್ತ ಅವಳ ಬೆರಳು ಇತ್ತು, ಹಿಡಿತ ಇರಲಿಲ್ಲ.

ನಾನು ದೊಡ್ಡವ್ವನನ್ನು ನೋಡಿದೆ. ದೊಡ್ಡವ್ವ ನನ್ನನ್ನು ನೋಡಿದಳು. ಅಪ್ಪ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ.

ದೊಡ್ಡವ್ವ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದು, ಎಂದೂ ಇಲ್ಲದ ದೊಡ್ಡ ದನಿಯಲ್ಲಿ ಹೇಳಿದಳು: "ಶೇಡಬಾಳ ಗೇಟ ಹಾಕ್ಯಾರ ತಂಗೀ. ಇಷ್ಟರಾಗ ತಗೀತಾರ. ತಡಿ ನನ್ನವ್ವಾ, ಇನ್ನೇನ ಬಂತ ಮನಿ."

ಅಪ್ಪ ಕೀಲಿ ತಿರುವಿದ. ಗೇಟು ಹಾಕಿಯೇ ಇತ್ತು, ರೈಲು ಇನ್ನೂ ಬಂದಿರಲಿಲ್ಲ, ಎಂಜಿನ್ ಗುರುಗುಟ್ಟುತ್ತ ನಿಂತಿತು. ಅವ್ವನ ಮೈ ಮತ್ತೆ ಅಲ್ಲಾಡತೊಡಗಿತು.

ಆಮೇಲೆ ನಾನೂ ಹೇಳಿದೆ. "ಅವ್ವಾ, ಕಾರ್ಖಾನಿ ವಾಸನಿ ಬಂತ ನೋಡು. ಅವ್ವಾ, ಉಗಾರ ಖುರ್ದ ಬಂತು." ಅಳಬಾರದು ಎಂದು ನನಗೆ ಯಾರೂ ಹೇಳಲಿಲ್ಲ. ಅತ್ತರೆ ಸತ್ತಳು ಎಂದಾಗುತ್ತದೆ, ಸತ್ತಳು ಎಂದಾದರೆ ಬೇವಿನ ಗಿಡ. ಅಷ್ಟು ಲೆಕ್ಕ ನನಗೂ ಬರುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ ಎಂದು ಹೇಳಿದರೆ ಅದು ಸುಳ್ಳು. ಹಿಡಿಯಲು ಒಳಗೆ ಏನೂ ಇರಲಿಲ್ಲ. ಚಳಿಗೆ ಕೈ ಜೋಮು ಹಿಡಿದ ಹಾಗೆ ಇಡೀ ಮೈ ಜೋಮು ಹಿಡಿದಿತ್ತು. ಬಾಯಿ ಮಾತ್ರ ಊರ ಹೆಸರು ಹೇಳುತ್ತಿತ್ತು.

ಮನೆಗೆ ಕಳಿಸಿದ ಸುದ್ದಿ ಬೇರೆ ವಡಾಪದವರಿಂದ ಮೊದಲೇ ಮುಟ್ಟಿತ್ತು, ಮನೆಯ ಮುಂದೆ ಆಗಲೇ ಜನ ಕೂಡಿದ್ದರು. ಹೊಸ್ತಿಲ ಮೇಲೆ ಕೋಲು ಊರಿಕೊಂಡು ಆಯಿ ನಿಂತಿದ್ದಳು. ಇಪ್ಪತ್ತು ವರ್ಷದ ಹಿಂದೆ ಹೇಗೆ ಅಡ್ಡ ನಿಂತಿದ್ದಳೋ ಹಾಗೇ. ಎದುರು ಮನೆಯಾಕೆ, "ಜೀವ ಐತೇನ?" ಎಂದು ಕೇಳಿದಳು.

ಆಯಿ ಮೆಲ್ಲಗೆ ಇಳಿದು ಬಂದಳು. ಜೀಪಿನ ಹಿಂದೆ ನಿಂತು ಕೌದಿಯೊಳಗೆ ಕೈ ಹಾಕಿ ಅವ್ವನ ಪಾದ ಮುಟ್ಟಿದಳು. ಕೈಯನ್ನು ಅಲ್ಲೇ ಇಟ್ಟುಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಆ ಪಾದ ಎಷ್ಟು ತಣ್ಣಗಿತ್ತೆಂದು ದೊಡ್ಡವ್ವನಿಗೆ ಗೊತ್ತು, ಈಗ ಆಯಿಗೂ ಗೊತ್ತಾಯಿತು. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಜೀವ ಐತಿ," ಎಂದಳು ಓಣಿಗೆಲ್ಲ ಕೇಳುವ ಹಾಗೆ. "ಏನ ನೋಡ್ತೀರಿ ಬಾಯಿ ತಕ್ಕೊಂಡ? ಒಳಗ ತರ್ರಿ. ಒಲೀ ಮುಂದ ಹಾಸ್ರಿ."

ಒಲೆಯ ಮುಂದೆ ಹಾಸಿದರು. ಆಯಿ ತಾನೇ ಸೊಸೆಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು, ತಂಬಿಗೆಯಿಂದ ಬಾಯಿಗೆ ನೀರು ಬಿಟ್ಟಳು. ನೀರು ಕಟಬಾಯಿಯಿಂದ ಹೊರಗೆ ಹರಿಯಿತು. ಸೆರಗಿನಿಂದ ಒರೆಸಿ ಮತ್ತೆ ಬಿಟ್ಟಳು. "ಕುಡದ್ಲು," ಎಂದಳು. "ಎರಡ ಗುಟಕ ಕುಡದ್ಲು ನನ್ನ ಕೂಸು." ಆಮೇಲೆ ತಂಬಿಗೆ ಕೆಳಗಿಟ್ಟು, ಎದೆ ಬಡಿದುಕೊಂಡು ಕೂಗಿದಳು: "ಹೋದ್ಲಪ್ಪೋ! ಈಗ ಹೋದ್ಲೋ ನನ್ನ ಮಗಳು!"

ಆಗ ಎಲ್ಲರಿಗೂ ಅಪ್ಪಣೆ ಸಿಕ್ಕ ಹಾಗಾಯಿತು. ದೊಡ್ಡವ್ವ ನೆಲಕ್ಕೆ ಬಿದ್ದು ಅತ್ತಳು. ಅಪ್ಪ ಗೋಡೆಗೆ ತಲೆ ಹಚ್ಚಿ ಅತ್ತ. ನನಗೆ ಬರಲಿಲ್ಲ. ಹೆಂಗಸರು ನನ್ನ ಬೆನ್ನು ತಿಕ್ಕಿ, "ಅಳು ನನ್ನವ್ವ, ಅತ್ತಬಿಡು" ಎಂದರು. ಯಾಕೆ ಬರಲಿಲ್ಲ ಎಂದು ಇವತ್ತಿಗೂ ಹೇಳಲಾರೆ. ಗೇಟಿನಲ್ಲಿ ಅಳಬೇಕಾಗಿದ್ದನ್ನು ಅಲ್ಲೇ ಬಿಟ್ಟು ಬಂದಿದ್ದೆನೋ ಏನೋ. ಗೋಡೆಯ ಮೇಲೆ ಹಲ್ಲಿಯೊಂದು ಓಡಿದ್ದನ್ನು ನೋಡುತ್ತ ಕೂತಿದ್ದೆ.

ಅವ್ವನ ದಿನಕರ್ಮ ಮಾಡಿ ಮುಗಿಸಿದ ಮೇಲೂ ಜೀಪು ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಒಂದು ಬೆಳಿಗ್ಗೆ ಎದುರು ಮನೆಯಾಕೆ ಕಸ ಹೊಡೆಯುತ್ತ ಕೇಳಿದಳು: "ತಮ್ಮಾ, ಗಾಡಿ ತೊಳೀಲೇ ಇಲ್ಲಲ್ಲ?"

ಕೇಳಿದ್ದು ಸಣ್ಣ ಮಾತು. ತೊಳೆದರೆ ಹೆಣ ತಂದಿದ್ದು ಎಂದು ಒಪ್ಪಿಕೊಂಡ ಹಾಗೆ. ಆಮೇಲೆ ಓಣಿಯ ಬಾಯಲ್ಲಿ ಅವ್ವ ಒಲೆಯ ಮುಂದಿನಿಂದ ಎದ್ದು ಬೇವಿನ ಗಿಡದ ಕೆಳಗೆ ಹೋಗಿ ಮಲಗುತ್ತಾಳೆ, ಹೊರಗೆ ಸತ್ತದ್ದನ್ನು ಒಳಗೆ ತಂದರು ಎಂದು ಮನೆಗೆ ಹೆಸರು ಬರುತ್ತದೆ. ಅಪ್ಪ ತಲೆಯೆತ್ತದೆ ಹೇಳಿದ: "ಯಾಕ ತೊಳೀಲಿ ಅಕ್ಕಾ? ಪೇಷಂಟ್ ಟ್ರಿಪ್ ಇತ್ತಲ್ಲ ಅದು."

ಹಾಗೆ ಹೇಳಿ, ತೊಳೆಯದ ಜೀಪನ್ನೇ ತೆಗೆದುಕೊಂಡು ಸ್ಟ್ಯಾಂಡಿಗೆ ಹೋದ. ಅಪ್ಪನಿಗಾಗಿ ಜೀವ ಮರುಗಿದವರೇ ಎಲ್ಲರೂ, ಗಾಡಿ ತುಂಬುವಷ್ಟು ಹತ್ತುವವರು ಮಾತ್ರ ಇಲ್ಲ. ಮುಂದೆ ಇಬ್ಬರು ಕೂತರೆ, ಬಲಗಡೆ ನಾಲ್ವರು. ಎಡಗಡೆಯ ಸೀಟು ಖಾಲಿ. "ನೀ ನಡಿಯಪ್ಪ, ನಾವ ಹಿಂದಿನ ಗಾಡಿಗೆ ಬರ್ತೀವಿ" ಅನ್ನುವರು. ವಡಾಪ ತುಂಬದೆ ಬಿಡುವ ಗಾಡಿಯಲ್ಲ. ಅಪ್ಪ ಕಾಯುವುದು, ಹತ್ತಿದವರೂ ಬೇಸತ್ತು ಇಳಿಯುವುದು, ಸಂಜೆ ಬರಿಗೈಯಲ್ಲಿ ಮನೆಗೆ ಬರುವುದು. ಹೀಗೇ ನಡೆಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ, ಬಾವಿಯಿಂದ ನೀರು ತರುತ್ತಿದ್ದೆ. ಎಷ್ಟು ಸಲ ತಂದದ್ದಾಯಿತು, ಇನ್ನೆಷ್ಟು ಉಳಿಯಿತು ಎಂದು ಅವ್ವನ ಹಾಗೆ ಬಾಯಿಬಿಟ್ಟು ಹೇಳುವವರು ಇರಲಿಲ್ಲ.

ಒಂದು ದಿನ ಆಯಿ ಬೆಳಿಗ್ಗೆಯೇ ಮಿಂದು, ತಲೆಯ ಮೇಲೆ ಸೆರಗು ಎಳೆದುಕೊಂಡು, "ಏ ಹುಡುಗಿ, ನನ್ನ ಕೈ ಹಿಡಿ" ಎಂದಳು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಕೋಲು ಊರುತ್ತ ಸ್ಟ್ಯಾಂಡಿಗೆ ನಡೆದಳು. ಅಪ್ಪ ಜೀಪಿಗೆ ಆತುಕೊಂಡು ನಿಂತಿದ್ದ. ಅವನ ಕಡೆ ಕಣ್ಣೆತ್ತಿಯೂ ನೋಡದೆ, ಹಿಂದಿನ ಸರಳು ಹಿಡಿದು, ನನ್ನ ಹೆಗಲಿಗೆ ಭಾರ ಬಿಟ್ಟು, ಏದುಸಿರು ಬಿಡುತ್ತ ಜೀಪು ಹತ್ತಿದಳು. ಬಲಗಡೆ ಜಾಗ ಇತ್ತು. ಅವಳು ಎಡಗಡೆಯ ಸೀಟಿಗೆ ಹೋಗಿ, ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಅಂಗೈಯಿಂದ ಸೀಟನ್ನು ಒಮ್ಮೆ ಸವರಿದಳು. ನಾನೂ ಹತ್ತಿ ಅವಳ ಎದುರು ಕೂತೆ.

"ಏನ ನೋಡ್ತೀರಿ?" ಎಂದು ಕೆಳಗೆ ನಿಂತವರನ್ನು ಗದರಿದಳು. "ಹತ್ರಿ. ಕಾಗವಾಡಕ್ಕ ಹೋಗೂದೈತಿ ನನಗ, ಹೊತ್ತಾತು."

ಹೆಣದ ಗಾಡಿ ಎಂದು ಜನ್ಮದಲ್ಲಿ ಹತ್ತದವಳು, ಗಂಡನನ್ನೇ ಹೊಸ್ತಿಲೊಳಗೆ ಬಿಡದವಳು, ಅದೇ ಸೀಟಿನ ಮೇಲೆ ಕೂತಿದ್ದಾಳೆ ಎಂದರೆ ಇನ್ನು ಯಾರಿಗೆ ಯಾವ ಮಾತು ಉಳಿಯುತ್ತದೆ? ಒಬ್ಬ ಹತ್ತಿದ. ಅವನ ಹಿಂದೆ ಇನ್ನೊಬ್ಬ. ಸ್ವಲ್ಪ ಹೊತ್ತಿನಲ್ಲಿ ಆಯಿಯ ಎರಡೂ ಮಗ್ಗುಲಿಗೆ ಜನ ಒತ್ತಿ ಕೂತರು. ಅಪ್ಪ ಟಾಯರು ಒದ್ದು ನೋಡಿ ಗಾಡಿ ಬಿಟ್ಟ. ಶೇಡಬಾಳ ಗೇಟು ಹಾಕಿತ್ತು. ಅಪ್ಪನ ಕೈ ಕೀಲಿಯ ತನಕ ಹೋಗಿ, ಹಾಗೇ ವಾಪಸು ಬಂತು.

ಕಾಗವಾಡದಲ್ಲಿ ಆಯಿಗೆ ಯಾವ ಕೆಲಸವೂ ಇರಲಿಲ್ಲ. ಒಂದು ಕಪ್ ಚಹಾ ಕುಡಿದು ಅದೇ ಜಾಗದಲ್ಲಿ ಕೂತು ಬಂದಳು. ಸವಾರಿಯನ್ನೆಲ್ಲ ಸ್ಟ್ಯಾಂಡಿನಲ್ಲಿ ಇಳಿಸಿ, ಅಪ್ಪ ಜೀಪನ್ನು ಓಣಿಯೊಳಗೆ ತಂದು ಮನೆಯ ಮುಂದೆ ನಿಲ್ಲಿಸಿದ. ಎದುರು ಮನೆಯಾಕೆ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಆಯಿ ನನ್ನ ಹೆಗಲು ಹಿಡಿದು ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಅವಳ ಕಡೆ ತಿರುಗಿದಳು.

"ಅಂತೂ ನಮ್ದೂ ಒಂದ ಟ್ರಿಪ್ ಆತ ನೋಡವಾ," ಎಂದಳು.

ಖೇಪ ಎನ್ನಲಿಲ್ಲ. ಕೋಲು ಊರುತ್ತ ಒಳಗೆ ಹೋದಳು.

ಅಷ್ಟು ದಿನ ಬಾರದ ಅಳು ನನಗೆ ಆಗ ಬಂತು. ಎಲ್ಲಿತ್ತೋ ಏನೋ, ಒದ್ದುಕೊಂಡು ಬಂತು. ಜೀಪಿನ ಹಿಂದಿನ ಮೆಟ್ಟಿಲ ಮೇಲೆ ಕುಸಿದು, ಸರಳು ಹಿಡಿದುಕೊಂಡು ಬಾಯಿಬಿಟ್ಟು ಅತ್ತೆ. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. ಇಳಿಯಲಿಲ್ಲ, ಎಂಜಿನ್ನೂ ಬಂದ್ ಮಾಡಲಿಲ್ಲ. ನನ್ನ ಅಳು ಮುಗಿಯುವವರೆಗೆ ಗಾಡಿಯನ್ನು ಹಾಗೇ ಚಾಲೂ ಇಟ್ಟುಕೊಂಡು ಕೂತ.